ಹಳೆಯ ಫಿಯೆಟ್ ಇರುವ ಮನೆಯ ಎರಡನೆಯ ಕಾರು: ವ್ಯಾಗನ್ ಆರ್ 1.2

ಹಳೆಯ ಕಾರು ಸಾಕುವವರ ಮನೆಗೆ ಬಂದವರು ಪೋರ್ಟಿಕೋದ ಒಳಗೆ ನಿಂತ ಕಾರನ್ನು ನೋಡುತ್ತಾರೆ, ಅಂಗಳದಲ್ಲಿ ನಿಂತದ್ದನ್ನು ಗಮನಿಸದೆ ದಾಟಿ ಬರುತ್ತಾರೆ. ಒಳಗಿನದರ ಫೋಟೋ ತೆಗೆಯುತ್ತಾರೆ, ಸ್ಟೀರಿಂಗ್ ಹಿಡಿದು ಕೂರುತ್ತಾರೆ, ಅಜ್ಜನ ಕಾಲದಲ್ಲಿ ತಮ್ಮಲ್ಲಿಯೂ ಇಂಥದ್ದೇ ಇತ್ತು ಎನ್ನುತ್ತಾರೆ. ಆದರೆ ಬೆಳಿಗ್ಗೆ ಕೆಲಸಕ್ಕೆ, ಮಧ್ಯಾಹ್ನ ಬ್ಯಾಂಕಿಗೆ, ಸಂಜೆ ಆಸ್ಪತ್ರೆಗೆ, ಊರಿನ ಮದುವೆಗೂ ಬೊಜ್ಜಕ್ಕೂ (ಉತ್ತರಕ್ರಿಯೆಗೂ) ಓಡುವುದು ಅಂಗಳದ ಕಾರು. ಅದರ ಬಗ್ಗೆ ಯಾರೂ ಬರೆಯುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನನ್ನ ಪೋರ್ಟಿಕೋದಲ್ಲಿರುವುದು ತಂದೆಯವರ 1982ರ ಪ್ರೀಮಿಯರ್ ಪದ್ಮಿನಿ, ಊರಿನವರ ಬಾಯಲ್ಲಿ ಫಿಯೆಟ್. ಅಂಗಳದಲ್ಲಿರುವುದು 2023ರ ಮಾರುತಿ ಸುಜುಕಿ ವ್ಯಾಗನ್ ಆರ್, 1.2 ಲೀಟರ್ ಎಂಜಿನ್, ಝಡ್‌ಎಕ್ಸ್‌ಐ ಮಾದರಿ, ಕ್ಲಚ್ ಒತ್ತಿ ಕೈಯಿಂದಲೇ ಹಾಕುವ ಐದು ಗೇರು. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಮದುವೆಯ ಕಾಗದ, ದೇವಸ್ಥಾನದ ರಶೀದಿ ಪುಸ್ತಕ, ಯಕ್ಷಗಾನ ಬಯಲಾಟದ ಕರಪತ್ರ ಇವುಗಳ ಕಟ್ಟುಗಳನ್ನು ಮೂಡುಬಿದಿರೆ, ಕಾರ್ಕಳ, ಉಡುಪಿಗೆ ನಾನೇ ತಲುಪಿಸುತ್ತೇನೆ. ಮನೆಯಲ್ಲಿ ಎಂಬತ್ತು ದಾಟಿದ ಅಮ್ಮ ಇದ್ದಾರೆ. ಕೆಲಸದ ದಿನಗಳೆಲ್ಲ ವ್ಯಾಗನ್ ಆರ್‌ನವು. ಮಳೆಯಿಲ್ಲದ ಭಾನುವಾರ ಫಿಯೆಟ್‌ನದು.

ಹೊಸ ಕಾರು ಕೊಳ್ಳುವವರು ಸಾಮಾನ್ಯವಾಗಿ ನೋಡುವ ವೇಗ, ದೊಡ್ಡ ಪರದೆ, ಚಾವಣಿಯ ಗಾಜು ನನ್ನ ಲೆಕ್ಕದಲ್ಲಿ ಬರಲೇ ಇಲ್ಲ. ಈ ಕಾರು ಮನೆಗೆ ಬಂದರೆ ಫಿಯೆಟ್‌ಗೆ ಏನು ಒಳ್ಳೆಯದಾಗುತ್ತದೆ ಎಂಬುದೊಂದನ್ನೇ ಕೇಳಿಕೊಂಡೆ. ಹಳೆಯ ಕಾರಿನವರು ದಿನಬಳಕೆಯ ಕಾರನ್ನು ಆರಿಸಬೇಕಾದ ಕ್ರಮ ಅದೇ ಎಂದು ಈಗಲೂ ನಂಬಿದ್ದೇನೆ. ಎರಡನೆಯದು ದುಬಾರಿ ಕಾರಾದರೆ ಹಳೆಯದಕ್ಕೆಂದು ಎತ್ತಿಟ್ಟ ಹಣವನ್ನು ಅದು ತಿನ್ನುತ್ತದೆ. ಮೋಜಿನ ಕಾರಾದರೆ ಹಳೆಯದರ ಭಾನುವಾರವನ್ನೂ ತಿನ್ನುತ್ತದೆ.

ಕರಾವಳಿಯಲ್ಲಿ ಫಿಯೆಟ್‌ಗೆ ಏನು ಒಳ್ಳೆಯದು ಎಂಬುದಕ್ಕೆ ಉತ್ತರ ಸ್ಪಷ್ಟವಾಗಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರಿನ ಅಡಿಯಲ್ಲಿ ಒಣಗಿ ನಿಂತಿರುವುದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲಿ. ಅದರ ಮೇಲೆ ಕಡಲಿನ ಉಪ್ಪುಗಾಳಿ. ಫಿಯೆಟ್‌ನ ತುಕ್ಕು ಕಣ್ಣಿಗೆ ಬೀಳುವ ಜಾಗದಲ್ಲಿ ಶುರುವಾಗುವುದಿಲ್ಲ. ಬಾಗಿಲ ಕೆಳಗಿನ ಪಟ್ಟಿಯ ಒಳಗೆ, ಜಾಕ್ ಕೊಡುವ ಜಾಗದಲ್ಲಿ, ಹೆಡ್‌ಲೈಟಿನ ಹಿಂದೆ ಮಡ್ಗಾರ್ಡಿನ ಒಳಮೈಯಲ್ಲಿ, ಮುಂದಿನ ಗಾಜಿನ ರಬ್ಬರಿನ ಅಡಿಯಲ್ಲಿ ಅದು ಶುರುವಾಗುತ್ತದೆ. ಹೊರಗೆ ಬಣ್ಣದ ಮೇಲೆ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗಿನ ತಗಡು ಹೋಗಿರುತ್ತದೆ. ಆಮೇಲೆ ಟಿಂಕರಿಂಗ್ ಮಾಡುವವರು ಎಷ್ಟು ಒಳ್ಳೆಯ ಕೆಲಸಗಾರರಾದರೂ ಅದು ಹಳೆಯ ತಗಡಲ್ಲ, ತೇಪೆ.

ತುಕ್ಕು ಒಂದು ಕಡೆ, ಓಡಾಟ ಇನ್ನೊಂದು ಕಡೆ. ಫಿಯೆಟ್‌ನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಕೊಟ್ಟಾರ ಚೌಕಿಯಲ್ಲಿ ನಿಂತ ನೀರನ್ನು ದಾಟಿ ಬಂದಮೇಲೆ ಬ್ರೇಕನ್ನು ಮೆಲ್ಲನೆ ಒತ್ತಿ ಒತ್ತಿ ಒಣಗಿಸಿಕೊಳ್ಳದಿದ್ದರೆ ಮುಂದಿನ ವೃತ್ತದಲ್ಲಿ ಗಾಡಿ ಒಂದು ಬದಿಗೆ ಎಳೆಯುತ್ತದೆ. ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ತಾಗಿದರೆ ಎಂಜಿನ್ ಸೀನಲು ತೊಡಗುತ್ತದೆ. ಮುಚ್ಚಳ ಬಿಚ್ಚಿ ಒಣ ಬಟ್ಟೆಯಿಂದ ಒರೆಸಿ, ಪಾಯಿಂಟನ್ನು ನೋಡಿ, ಮತ್ತೆ ಹಾಕಬೇಕು. ವೈಪರ್ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಸಾಲುವುದಿಲ್ಲ. ತಂದೆ ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದರು, ನೀರು ಹರಡಿ ನಿಲ್ಲದೆ ಜಾರಿ ಹೋಗಲೆಂದು. ನಾನೂ ಉಜ್ಜಿ ನೋಡಿದ್ದೇನೆ, ಪ್ರಯೋಜನವಿದೆ. ಬೇಸಗೆಯಲ್ಲಿ ಇದಕ್ಕೆ ತದ್ವಿರುದ್ಧ. ಏಪ್ರಿಲ್ ಮಧ್ಯಾಹ್ನ ನಂತೂರಿನ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಎಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಗಾಡಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಹಿಂದೆ ಹಾರ್ನ್ ಹೊಡೆಯುವ ಬಸ್ಸಿನವರಿಗೆ ಇದನ್ನೆಲ್ಲ ವಿವರಿಸಲಾಗುವುದಿಲ್ಲ.

ಇವು ಯಾವುವೂ ಫಿಯೆಟ್‌ನ ಕೆಟ್ಟತನಗಳಲ್ಲ. ಅದು ತನ್ನ ಕಾಲದ ರಸ್ತೆಗೆ, ತನ್ನ ಕಾಲದ ವಾಹನ ಸಂಖ್ಯೆಗೆ ತಕ್ಕಂತೆ ತಯಾರಾದ ಗಾಡಿ. ಬೊಂಬಾಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಮಾಡತೊಡಗಿ, 1972ರಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದೂ ಹೆಸರು ಬದಲಿಸಿದ ಈ ಕಾರು ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಅದರ ವಿನ್ಯಾಸವಂತೂ ಅದಕ್ಕೂ ಹಳೆಯದು. ಅಂಥ ಗಾಡಿಯಿಂದ ದಿನಕ್ಕೆ ನಾಲ್ಕು ಸಲ ಪೇಟೆ ಸುತ್ತಿಸುವುದು ಅನ್ಯಾಯ.

ನನ್ನ ಫಿಯೆಟ್ ನೋಡಿಕೊಳ್ಳುವ ಮೇಸ್ತ್ರಿ ಹುಡುಗನಾಗಿದ್ದಾಗಿನಿಂದ ಇದೇ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವರು. ಯಾವ ಹೊಸ ಕಾರು ಕೊಳ್ಳಲಿ ಎಂದು ಅವರನ್ನು ಕೇಳಿದ್ದೆ. "ಅಕ್ಕ, ನನ್ನ ಹತ್ತಿರ ಬಾರದ ಕಾರು ತೆಗೆದುಕೊಳ್ಳಿ" ಎಂದರು. ನಾನು ಅರ್ಥವಾಗದೆ ನೋಡಿದಾಗ ಬಿಡಿಸಿ ಹೇಳಿದರು: "ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿದರೆ ಸಾಕು ಅನ್ನುವಂಥದ್ದು. ಅದಕ್ಕೆ ಕೊಡುವ ಹೊತ್ತು, ಹಣ ಎಲ್ಲ ಇವಳಿಗೆ ಇರಲಿ." ಇವಳು ಎಂದಾಗ ಅವರ ಕೈ ಫಿಯೆಟ್‌ನ ಬಾನೆಟ್ಟಿನ ಮೇಲಿತ್ತು.

ಆ ಮಾತಿಗೆ ವ್ಯಾಗನ್ ಆರ್ ಸರಿಯಾಗಿ ಹೊಂದುತ್ತದೆ. 1999ರಲ್ಲಿ ಭಾರತಕ್ಕೆ ಬಂದ ಈ ಹೆಸರಿನ ಮೂರನೆಯ ತಲೆಮಾರು 2019ರ ಜನವರಿಯಲ್ಲಿ ಮಾರುಕಟ್ಟೆಗೆ ಬಂತು. ಬೆಳ್ತಂಗಡಿಯಲ್ಲಿ ನಿಂತರೂ ಬೈಂದೂರಿನಲ್ಲಿ ನಿಂತರೂ ಇದನ್ನು ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ, ಬಿಡಿಭಾಗ ಸಿಗುತ್ತದೆ. ಫಿಯೆಟ್‌ಗೆ ಒಂದು ಬಾಗಿಲ ಹಿಡಿಕೆ ಬೇಕಾದರೆ ಗುಜರಿ ಅಂಗಡಿಗಳನ್ನು ಸುತ್ತಿ, ಮುಂಬಯಿಯಲ್ಲಿರುವವರಿಗೆ ಫೋನು ಮಾಡಿ, ಫೋಟೋ ಕಳುಹಿಸಿ, ತಿಂಗಳುಗಟ್ಟಲೆ ಕಾಯುವ ನಮ್ಮಂಥವರಿಗೆ ಇದರ ಬೆಲೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆದು ನೋಡುವುದು ನನಗೆ ಇಷ್ಟ. ಫಿಯೆಟ್‌ನ ಎಂಜಿನ್ 1089 ಸಿಸಿ, ವ್ಯಾಗನ್ ಆರ್‌ನದು 1197 ಸಿಸಿ. ಗಾತ್ರದಲ್ಲಿ ಇರುವ ವ್ಯತ್ಯಾಸ ಒಂದು ಕಾಫಿ ಲೋಟದಷ್ಟು. ಶಕ್ತಿಯಲ್ಲಿ ಮಾತ್ರ ಫಿಯೆಟ್‌ನದು ನಲವತ್ತು ಅಶ್ವಶಕ್ತಿಯ ಆಸುಪಾಸು, ಇದರದ್ದು ತೊಂಬತ್ತರ ಹತ್ತಿರ. ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಅದರದ್ದು 2340 ಮಿಲಿಮೀಟರ್, ಇದರದ್ದು 2435. ತೂಕದಲ್ಲಿ ಹೊಸದೇ ಹಗುರ. ಉದ್ದದಲ್ಲಿಯೂ ಹೊಸದೇ ಚಿಕ್ಕದು, 3655 ಮಿಲಿಮೀಟರ್. ಆದರೆ ಎತ್ತರ 1675 ಮಿಲಿಮೀಟರ್. ನೆಲದ ಮೇಲೆ ಹಿಡಿಯುವ ಜಾಗವನ್ನು ಕಡಿಮೆ ಮಾಡಿ ಮೇಲಕ್ಕೆ ಬೆಳೆಸಿದ ಕಾರು ಇದು. ನಮ್ಮ ಪೋರ್ಟಿಕೋದ ಮುಂದೆ ಬಾವಿಕಟ್ಟೆಗೂ ಗೇಟಿಗೂ ನಡುವೆ ಉಳಿದಿರುವ ಜಾಗದಲ್ಲಿ ಫಿಯೆಟ್‌ನ ದಾರಿಗೆ ಅಡ್ಡಬಾರದಂತೆ ನಿಲ್ಲಿಸಬಹುದಾದ ಕಾರುಗಳು ಹೆಚ್ಚಿಲ್ಲ. ಎರಡನೆಯ ಕಾರನ್ನು ತೆಗೆಯದೆ ಮೊದಲನೆಯದು ಹೊರಬರಲಾರದು ಎಂದಾದರೆ ಹಳೆಯ ಕಾರಿನ ಓಡಾಟ ನಿಂತೇ ಹೋಗುತ್ತದೆ. ಬೇರೆಯವರ ಮನೆಗಳಲ್ಲಿ ಹಾಗಾದದ್ದನ್ನು ಕಂಡಿದ್ದೇನೆ.

ಒಳಗೆ ಕೂತರೆ ಮೊದಲು ಹಿತವಾಗುವುದು ಆಸನದ ಎತ್ತರ. ಹೊಸ ಸೆಡಾನ್‌ಗಳಲ್ಲಿ ಇಳಿದು ಕೂರಬೇಕು, ಎಸ್‌ಯುವಿಗಳಲ್ಲಿ ಹತ್ತಿ ಕೂರಬೇಕು. ಇದರಲ್ಲಿ ಅಮ್ಮ ಬೆನ್ನು ತಿರುಗಿಸಿ ಹಾಗೆಯೇ ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಳ್ಳುತ್ತಾರೆ. ಸೀರೆ ಬಾಗಿಲಿಗೆ ಸಿಕ್ಕಿಕೊಳ್ಳುವುದಿಲ್ಲ, ಮಂಡಿ ಮಡಚಿ ನರಳುವುದಿಲ್ಲ, ಯಾರೂ ಕೈ ಹಿಡಿಯಬೇಕಾಗಿಲ್ಲ. ಬಾಗಿಲು ಅಗಲವಾಗಿ ತೆರೆದುಕೊಳ್ಳುತ್ತದೆ. ಚಾವಣಿ ಎತ್ತರವಿರುವುದರಿಂದ ಮುಡಿಯಲ್ಲಿ ಮಲ್ಲಿಗೆ ಇದ್ದರೂ ತಾಗುವುದಿಲ್ಲ. ಈ ಎತ್ತರವನ್ನು ಒಂದು ದೊಡ್ಡ ಗುಣವೆಂದು ಕಾರಿನ ವಿಮರ್ಶೆಗಳಲ್ಲಿ ಬರೆಯುವವರು ಕಡಿಮೆ. ಮುದಿ ತಂದೆತಾಯಿ ಇರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಗುಣ ಇನ್ನೊಂದಿಲ್ಲ.

ಎರಡನೆಯದು ನೋಟ. ಫಿಯೆಟ್‌ನ ಕಂಬಗಳು ತೆಳು, ಗಾಜು ಬಹಳ, ಬಾನೆಟ್ಟಿನ ಎರಡೂ ಅಂಚು ಕಾಣುತ್ತವೆ. ರಥಬೀದಿಯ ಗಲ್ಲಿಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ಕೂತಲ್ಲಿಂದಲೇ ತಿಳಿಯುತ್ತದೆ. ಆ ಕಣ್ಣಿಗೆ ಇಂದಿನ ಬಹುತೇಕ ಕಾರುಗಳು ಕತ್ತಲೆ ಕೋಣೆಗಳು. ವ್ಯಾಗನ್ ಆರ್‌ನ ಮುಂದಿನ ನೋಟ ಫಿಯೆಟ್‌ಗೆ ಸಮೀಪವಿದೆ: ಗಾಜು ನೆಟ್ಟಗೆ, ಕಿಟಕಿಯ ಅಂಚು ಕೆಳಗೆ, ಮೂತಿ ಗಿಡ್ಡ. ಹಿಂದಿನ ಮೂಲೆಗಳು ಮಾತ್ರ ದಪ್ಪ. ಹಿಂದಕ್ಕೆ ತೆಗೆಯುವಾಗ ಸೆನ್ಸರಿನ ಸದ್ದನ್ನು ನಂಬಬೇಕು. 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಸೆನ್ಸರ್ ಅದು. ಹಿಂದಿನ ಗಾಜಿಗೆ ವೈಪರ್ ಇರುವ ಮಾದರಿಯನ್ನೇ ತೆಗೆದುಕೊಳ್ಳಿ ಎಂದು ಕರಾವಳಿಯವರಿಗೆ ಒತ್ತಿ ಹೇಳುತ್ತೇನೆ. ನೆಟ್ಟಗಿನ ಬೆನ್ನಿನ ಕಾರಿಗೆ ಮಳೆಯಲ್ಲಿ ಹಿಂದಿನ ಗಾಜಿನ ತುಂಬ ಕೆಸರು ಎರಚುತ್ತದೆ, ವೈಪರ್ ಇಲ್ಲದಿದ್ದರೆ ಜೂನ್ ಮೊದಲ ವಾರದಿಂದಲೇ ಹಿಂದೆ ಏನೂ ಕಾಣದು.

ಡಿಕ್ಕಿಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಫಿಯೆಟ್‌ಗೆ ಈ ಕಾರಿನಿಂದ ಆದ ನೇರ ಉಪಕಾರ ಅಲ್ಲಿದೆ. 341 ಲೀಟರ್ ಎಂದು ಕಂಪನಿ ಹೇಳುತ್ತದೆ. ಆ ಅಂಕಿಗಿಂತ ಮುಖ್ಯವಾದದ್ದು ಅದರ ಬಾಯಿ. ಹಿಂದಿನ ಬಾಗಿಲು ಎತ್ತಿದರೆ ಚೌಕಾಕಾರದ ದೊಡ್ಡ ತೆರಪು, ಹಿಂದಿನ ಆಸನ ಎರಡು ಭಾಗವಾಗಿ ಮಡಚುತ್ತದೆ. ಮುದ್ರಣಾಲಯದ ಕಾಗದದ ಕಟ್ಟುಗಳು ಚೌಕವಾದ್ದರಿಂದ ಒಂದರ ಮೇಲೊಂದು ಪೇರಿಸಿದರೆ ಮೂಲೆ ಸಮೇತ ತುಂಬುತ್ತವೆ. ಫಿಯೆಟ್‌ನ ಮುಂದಿನ ಬಂಪರನ್ನು ಕ್ರೋಮ್ ಹಾಕಿಸಲು ಒಯ್ದದ್ದು ಇದರಲ್ಲಿಯೇ. ಆಸನದ ಚಿಕ್ಕ ಭಾಗವನ್ನಷ್ಟೇ ಮಡಚಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಬಂಪರನ್ನು ಓರೆಯಾಗಿ ಜಾರಿಸಿದೆವು. ಒಂದು ತುದಿ ಡಿಕ್ಕಿಯ ಬಲಮೂಲೆಯಲ್ಲಿ, ಇನ್ನೊಂದು ತುದಿ ಮುಂದಿನ ಎಡ ಆಸನದ ಬೆನ್ನಿಗೆ. ಬಲಗಡೆ ಹಿಂದೆ ಮೇಸ್ತ್ರಿ ಅದನ್ನು ಹಿಡಿದು ಕೂತಿದ್ದರು. ಹಿಂದಿನ ಕಮಾನ್ ಪಟ್ಟಿಗಳನ್ನು ಹದ ಮಾಡಿಸಿ ತಂದದ್ದು, ಗೇರ್‌ಬಾಕ್ಸನ್ನು ಹಳೆಯ ಟಯರಿನ ಮೇಲೆ ಕೂರಿಸಿ ತಂದದ್ದು, ಗುಜರಿಯಲ್ಲಿ ಸಿಕ್ಕಿದ ಬಾಗಿಲನ್ನು ಗಾಜು ಸಮೇತ ತಂದದ್ದು, ಎಲ್ಲವೂ ಇದರಲ್ಲೇ. ಟೆಂಪೋ ಕರೆಯಬೇಕಾಗಲಿಲ್ಲ. ಟೆಂಪೋದಲ್ಲಿ ಹಾಕಿದರೆ ಬಾಗಿಲಿನ ಗಾಜು ಉಳಿಯುತ್ತಿತ್ತೋ ಇಲ್ಲವೋ.

ಓಡಿಸುವಾಗ ಇದು ತನ್ನ ಕಡೆಗೆ ಗಮನ ಸೆಳೆಯುವುದಿಲ್ಲ. ಬಾವುಟಗುಡ್ಡೆಯ ಏರಿಗೆ ಎರಡನೆಯ ಗೇರು ಸಾಕು, ಕದ್ರಿ ಕಂಬಳದ ಇಳಿಜಾರಿಗೂ ಅಷ್ಟೇ. ಕ್ಲಚ್ ಹಗುರ, ಸ್ಟೀರಿಂಗ್ ಇನ್ನೂ ಹಗುರ. 4.7 ಮೀಟರ್ ತ್ರಿಜ್ಯದಲ್ಲಿ ತಿರುಗುವುದರಿಂದ ಹಂಪನಕಟ್ಟೆಯ ಒಳರಸ್ತೆಗಳಲ್ಲಿ ಬೇರೆಯವರು ಹಿಂದೆ ಮುಂದೆ ಮಾಡುವಲ್ಲಿ ಇದು ಒಂದೇ ಸುತ್ತಿಗೆ ತಿರುಗಿಬಿಡುತ್ತದೆ. ಸಿಗ್ನಲ್ಲಿನಲ್ಲಿ ನಿಂತು, ಗೇರನ್ನು ನ್ಯೂಟ್ರಲಿಗೆ ತಂದು ಕ್ಲಚ್ ಬಿಟ್ಟರೆ ಎಂಜಿನ್ ತಾನಾಗಿ ನಿಲ್ಲುತ್ತದೆ, ಕ್ಲಚ್ ಒತ್ತಿದರೆ ತಾನಾಗಿ ಹೊರಡುತ್ತದೆ. ಹಳೆಯ ಕಾರಿನವರಿಗೆ ಸಿಗ್ನಲ್ಲಿನಲ್ಲಿ ಎಂಜಿನ್ ನಿಲ್ಲುವುದೆಂದರೆ ಎದೆ ಹೊಡೆದುಕೊಳ್ಳುವ ವಿಷಯ. ಈ ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ಬಂದ್ ಮಾಡುವ ಗುಂಡಿಯೊಂದಿದೆ, ನಾನು ಪ್ರತಿ ಬಾರಿ ಒತ್ತುತ್ತೇನೆ. ಈ ವ್ಯವಸ್ಥೆಗೆ ಬೇಕಾದ ಬ್ಯಾಟರಿಯೂ ಸಾಮಾನ್ಯ ಬ್ಯಾಟರಿಗಿಂತ ದುಬಾರಿ ಎಂಬುದು ಗಮನದಲ್ಲಿರಲಿ.

ಗೇರು ತಾನಾಗಿ ಬೀಳುವ ಎಜಿಎಸ್ ಮಾದರಿಯೂ ಇದೆ. ಬೇಡವೆಂದೆ. ಫಿಯೆಟ್‌ನ ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಮೊದಲ ಗೇರಿಗೆ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಸಿಂಕ್ರೊಮೆಶ್ ಇಲ್ಲ. ಓಡುತ್ತಿರುವಾಗ ಮೊದಲನೆಯದಕ್ಕೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಬಾರಿ ಒತ್ತಿ, ನಡುವೆ ಆಕ್ಸಿಲರೇಟರ್ ಕೊಟ್ಟು, ಹಲ್ಲುಗಳ ವೇಗ ಹೊಂದಿಸಬೇಕು. ಎಡಗಾಲಿಗೆ ದಿನವೂ ಕೆಲಸವಿಲ್ಲದಿದ್ದರೆ ಭಾನುವಾರ ಆ ಲಯ ಬರುವುದಿಲ್ಲ. ಹಳೆಯ ಕಾರು ಇರುವವರು ದಿನಬಳಕೆಗೂ ಕ್ಲಚ್ ಇರುವ ಕಾರನ್ನೇ ಇಟ್ಟುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಡಿನೋವು ಇರುವವರ ಮಾತು ಬೇರೆ.

ಉಡುಪಿಯ ದಾರಿಯಲ್ಲಿ ಇದರ ಗುಣವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ದಾಟಿದ ಮೇಲೆ ಎಕ್ಸ್‌ಪ್ರೆಸ್ ಬಸ್ಸುಗಳು ಹಿಂದಿನ ಕನ್ನಡಿಯ ತುಂಬ ಬರುತ್ತವೆ. ಫಿಯೆಟ್‌ನಲ್ಲಿದ್ದರೆ ಎಡಕ್ಕೆ ಸರಿದು ದಾರಿ ಬಿಡುವುದೊಂದೇ ಉಪಾಯ. ಇದರಲ್ಲಿ ಮೂರನೆಯ ಗೇರಿಗೆ ಇಳಿಸಿ ಒತ್ತಿದರೆ ಮುಂದಿನ ಲಾರಿಯನ್ನು ದಾಟಿ ನಿಶ್ಚಿಂತೆಯಿಂದ ಪಕ್ಕಕ್ಕೆ ಬರುವಷ್ಟು ಶಕ್ತಿಯಿದೆ. ಗಂಟೆಗೆ 80 ಕಿಲೋಮೀಟರ್ ದಾಟಿದಾಗ ಎಚ್ಚರಿಕೆಯ ಸದ್ದು ಬರುತ್ತದೆ. ನನಗೆ ಆ ಸದ್ದು ಒಪ್ಪಿಗೆ, ಈ ಕಾರಿನ ಸಹಜ ವೇಗ ಅದರ ಒಳಗೇ ಇದೆ. ಕೂಳೂರು, ಮೂಲ್ಕಿ, ಉದ್ಯಾವರ ಸೇತುವೆಗಳ ಮೇಲೆ ಮಳೆಗಾಲದ ಪಡುಗಾಳಿ ಬೀಸುವಾಗ ಎತ್ತರದ ಮೈ ಓಲಾಡುತ್ತದೆ, ಹಗುರ ಸ್ಟೀರಿಂಗಿನಲ್ಲಿ ಚಕ್ರದ ಮಾತು ಕೈಗೆ ತಲುಪುವುದಿಲ್ಲ. ಎರಡೂ ಕೈಗಳಿಂದ ಹಿಡಿದು ವೇಗ ಇಳಿಸಬೇಕು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳಲ್ಲಿಯೂ ಇದೇ ಕಥೆ. ಎಂಜಿನ್ ನಿರಾಯಾಸವಾಗಿ ಏರುತ್ತದೆ, ಕೂತವರು ಮಾತ್ರ ಅತ್ತಿಂದಿತ್ತ ವಾಲುತ್ತಾರೆ. ಅದೇ ತಿರುವುಗಳಲ್ಲಿ ಫಿಯೆಟ್ ನಿಧಾನವಾದರೂ ನೆಲಕ್ಕೆ ಅಂಟಿ ಕೂತಂತೆ ಹೋಗುತ್ತದೆ, ಪ್ರತಿ ತಿರುವೂ ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಓಡಿಸುವ ಸುಖಕ್ಕೆ ವ್ಯಾಗನ್ ಆರ್ ಕೊಳ್ಳುವುದು ಬೇಡ.

ಪೆಟ್ರೋಲ್ ಪೇಟೆಯಲ್ಲಿ ಲೀಟರಿಗೆ ಹದಿನೈದು ಹದಿನಾರು, ಹೆದ್ದಾರಿಯಲ್ಲಿ ಇಪ್ಪತ್ತರ ಸುತ್ತಮುತ್ತ ಕೊಡುತ್ತದೆ. ಟ್ಯಾಂಕು 32 ಲೀಟರ್ ಮಾತ್ರ, ದೂರ ಹೋಗುವವರಿಗೆ ಚಿಕ್ಕದು.

ಈಗ ದೊಡ್ಡ ಕೊರತೆ. 2023ರಲ್ಲಿ ಕಾರುಗಳ ಸುರಕ್ಷತೆ ಅಳೆಯುವ ಸಂಸ್ಥೆಯಾದ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಈ ತಲೆಮಾರಿನ ವ್ಯಾಗನ್ ಆರ್‌ಗೆ ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಐದರಲ್ಲಿ ಒಂದು ನಕ್ಷತ್ರ, ಮಕ್ಕಳ ಸುರಕ್ಷತೆಗೆ ಸೊನ್ನೆ. ಇದನ್ನು ಬದಿಗೆ ಸರಿಸಿ ಮಾತಾಡುವುದು ತಪ್ಪು. ಸೀಟ್ ಬೆಲ್ಟಿಲ್ಲದ, ಏರ್‌ಬ್ಯಾಗ್ ಎಂಬ ಕಲ್ಪನೆಯೂ ಇಲ್ಲದ ಕಾಲದ ಕಾರು ಓಡಿಸುವವರಿಗೆ ಇದೆಲ್ಲ ಯಾಕೆ ಎಂದು ಹಳೆಯ ಕಾರಿನವರ ನಮ್ಮ ಬಳಗದಲ್ಲಿ ಕೆಲವರು ಹೇಳುತ್ತಾರೆ. ಒಪ್ಪುವುದಿಲ್ಲ. ಫಿಯೆಟ್‌ನಲ್ಲಿ ನಾನು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋಗುತ್ತೇನೆ. ದಿನಬಳಕೆಯ ಕಾರು ರಾತ್ರಿ, ಮಳೆ, ಹೆದ್ದಾರಿ, ಟಿಪ್ಪರ್ ಎಲ್ಲದರ ನಡುವೆ ಹೋಗಬೇಕು. ನನ್ನ ಓಡಾಟ ಹೆಚ್ಚಿನಂಶ ಪೇಟೆಯೊಳಗೆ, ಹೆದ್ದಾರಿಯಲ್ಲಿ ನನ್ನ ಜೊತೆ ಇರುವುದು ಕಾಗದದ ಕಟ್ಟು. ಹಾಗಾಗಿ ಈ ಆಯ್ಕೆ ಮಾಡಿದೆ. ಚಿಕ್ಕ ಮಕ್ಕಳಿರುವ, ವಾರವಾರ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ಮನೆಯವರಿಗೆ ಇದನ್ನು ತೆಗೆದುಕೊಳ್ಳಿ ಎಂದು ಹೇಳಲಾರೆ. ಅವರು ಅದೇ ಸಂಸ್ಥೆಯ ಪರೀಕ್ಷೆಯಲ್ಲಿ 2021ರಲ್ಲಿ ಐದು ನಕ್ಷತ್ರ ಪಡೆದ ಟಾಟಾ ಪಂಚ್ ಅಥವಾ 2020ರಲ್ಲಿ ನಾಲ್ಕು ಪಡೆದ ಟಿಯಾಗೊ ನೋಡಬೇಕು. ಟಿಯಾಗೊ ಕೂಡ ಚಿಕ್ಕ ಅಂಗಳಕ್ಕೆ ಹಿಡಿಸುವ ಕಾರೇ.

ನಮ್ಮ ಬಳಗದ ಬೇರೆಯವರ ಅಂಗಳದಲ್ಲಿ ಏನಿದೆ ಎಂದು ನೋಡಿದರೆ ಒಬ್ಬೊಬ್ಬರ ಸ್ವಭಾವ ತಿಳಿಯುತ್ತದೆ. ಕುಲಶೇಖರದಲ್ಲಿ ಅಂಬಾಸಿಡರ್ ಇಟ್ಟುಕೊಂಡಿರುವ ಹಿರಿಯರೊಬ್ಬರು ದಿನಕ್ಕೆ ಇನ್ನೋವಾ ಓಡಿಸುತ್ತಾರೆ. ಅಂಬಾಸಿಡರಿನ ಸೋಫಾದಂಥ ಹಿಂದಿನ ಆಸನದಲ್ಲಿ ಬೆಳೆದ ಕುಟುಂಬಕ್ಕೆ ಚಿಕ್ಕ ಕಾರು ಹಿಡಿಸಲಿಲ್ಲ. ಮಣಿಪಾಲದಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಇರುವ ವೈದ್ಯರು ಆಲ್ಟೊದಲ್ಲಿ ಆಸ್ಪತ್ರೆಗೆ ಹೋಗುತ್ತಾರೆ. ಕಾರ್ಕಳದ ಕಡೆ ಹಳೆಯ ಜೀಪು ಕಟ್ಟಿಸುವ ತೋಟದವರೊಬ್ಬರ ದಿನದ ಗಾಡಿ ಓಮ್ನಿ. 2019ರಲ್ಲಿ ತಯಾರಿ ನಿಂತರೂ ಅಡಿಕೆ ಚೀಲಕ್ಕೂ ಎಂಜಿನ್ ಬ್ಲಾಕಿಗೂ ಅದಕ್ಕೆ ಸಮನಾದದ್ದು ಬಂದಿಲ್ಲ ಎಂದು ಅವರ ವಾದ, ಮತ್ತು ಅದು ನಿಜ. ನನ್ನ ಭಾವನವರ ಆಯ್ಕೆಯಂತೂ ಎಲ್ಲಕ್ಕಿಂತ ಧೈರ್ಯದ್ದು: ಮಾರುತಿ 800. 1983ರ ಡಿಸೆಂಬರಿನಲ್ಲಿ ಶುರುವಾಗಿ 2014ರಲ್ಲಿ ನಿಂತ ಆ ಕಾರಿನ ಮೊದಲ ತಲೆಮಾರಿನವು ಈಗ ಸ್ವತಃ ಸಂಗ್ರಾಹಕರ ವಸ್ತುಗಳಾಗಿವೆ. ಅವರ ಮನೆಯಲ್ಲಿ ದಿನಬಳಕೆಯ ಕಾರೇ ಮೆಲ್ಲನೆ ಪೋರ್ಟಿಕೋದ ಒಳಗೆ ಸರಿಯುತ್ತಿದೆ. "ಭಾವ, ಇದನ್ನು ಇನ್ನು ಮಳೆಗೆ ತೆಗೆಯಬೇಡಿ" ಎಂದು ಈ ವರ್ಷ ನಾನೇ ಹೇಳಿದ್ದೇನೆ.

ಎರಡನೆಯ ಕಾರು ಬೇಕೆನ್ನಲು ಕಾನೂನಿನ ಕಾರಣವೂ ಇದೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಸಂಖ್ಯೆಯಲ್ಲಿ ವಿಎ ಎಂಬ ಗುರುತು. ಹಾಗೆ ನೋಂದಾಯಿಸಿದ ಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ. ಪದ್ಮಿನಿಯ ಮೊದಲ ವರ್ಷಗಳ ಕಾರುಗಳು ಈಗ ಆ ವಯಸ್ಸಿಗೆ ಬಂದಿವೆ. ನನ್ನದಕ್ಕೆ ಇನ್ನೂ ಕಾಲವಿದೆ, ಅಲ್ಲಿಯವರೆಗೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಆ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ.

ಪೆಟ್ರೋಲಿನ ವಿಷಯ ಇನ್ನೂ ಗಂಭೀರ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇಕಡಾ 20ಕ್ಕೆ ಮುಟ್ಟಿತು. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಫಿಯೆಟ್‌ನ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಗ್ಯಾಸ್ಕೆಟ್ ಎಲ್ಲವನ್ನೂ ಎಥೆನಾಲ್ ತಡೆಯುವಂಥವುಗಳಿಗೆ ಬದಲಿಸಿದ್ದೇನೆ. ತಿಂಗಳುಗಟ್ಟಲೆ ನಿಲ್ಲಿಸುವಾಗ ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡುವುದಿಲ್ಲ. ಇಳಿಸಿದ ಪೆಟ್ರೋಲ್ ಹೋಗುವುದು ವ್ಯಾಗನ್ ಆರ್‌ನ ಟ್ಯಾಂಕಿಗೆ. 2023ರ ಮಾದರಿ ಇ20 (ಶೇಕಡಾ 20 ಎಥೆನಾಲ್ ಬೆರೆತ) ಇಂಧನಕ್ಕೆ ಒಗ್ಗುವಂತೆಯೇ ತಯಾರಾದದ್ದು, ಅದಕ್ಕೆ ಇದರಿಂದ ತೊಂದರೆಯಿಲ್ಲ. ಹಳೆಯ ಕಾರಿರುವ ಮನೆಗೆ ಡೀಸೆಲ್ ಅಥವಾ ವಿದ್ಯುತ್ ಕಾರು ತಂದವರಿಗೆ ಈ ಅನುಕೂಲವಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಹೊಸದಕ್ಕೆ ಹಣ ಸಾಲದವರಿಗೆ ಬಳಸಿದ ವ್ಯಾಗನ್ ಆರ್ ಸಾಕಷ್ಟು ಸಿಗುತ್ತವೆ. 1.0 ಲೀಟರಿನದು ಪೇಟೆಗೆ ಸಾಲುತ್ತದೆ. ಘಾಟಿಯೋ ಭಾರವೋ ಇದ್ದರೆ 1.2 ಹುಡುಕಿ. ಸಿಎನ್‌ಜಿ ಮಾದರಿ ಬೇಡ, ಸಿಲಿಂಡರ್ ಡಿಕ್ಕಿಯನ್ನು ನುಂಗುತ್ತದೆ, ಹಾಗಾದರೆ ಬಂಪರ್ ಒಯ್ಯುವುದು ಹೇಗೆ? ನೋಡಲು ಹೋದಾಗ ಮಳೆ ಬಿಟ್ಟ ಹಗಲಲ್ಲಿ ಹೋಗಿ. ಸ್ಟೆಪ್ನಿ ಎತ್ತಿ ಅದರ ಅಡಿಯ ತಗಡಿನಲ್ಲಿ ನೀರು ನಿಂತ ಗುರುತಿದೆಯೇ ನೋಡಿ, ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿ ನೋಡಿ. ಆಮೇಲೆ ಮುಂದಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೆರೆಯಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಬೆಲ್ಟಿನ ಸುರುಳಿಯ ಒಳಭಾಗವನ್ನು ಯಾರೂ ತೊಳೆದಿರುವುದಿಲ್ಲ. ಅಲ್ಲಿ ಕೆಂಪು ಮಣ್ಣಿನ ಗೆರೆ ಕಂಡರೆ ಬೆಲೆ ಕೇಳದೆ ಹಿಂದಿರುಗಿ.